ಅಪ್ಪನ ಗಮಕಕ್ಕೆ ಕರೆಂಟಿನ ಶ್ರುತಿ

ಅಪ್ಪ ಗಮಕಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವವರು. ಅವರ ವಾಚನವನ್ನು ಮನೆಯಲ್ಲೇ ರೆಕಾರ್ಡ್ ಮಾಡಲು ಹೊರಟು, ಮೊದಲ ರೆಕಾರ್ಡಿಂಗನ್ನು ಅಪ್ಪನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಎರಡು ಪದ್ಯ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, "ಹಿಂದೆ ಯಾರೋ ಇನ್ನೊಂದು ಶ್ರುತಿ ಹಿಡ್ಕೊಂಡು ಕೂತಿದಾರಲ್ಲೇ. ಮಧ್ಯಮದ ಹತ್ರ ಹತ್ರ ಇದೆ, ಆದ್ರೆ ಸೇರಲ್ಲ" ಅಂದರು.

ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಸದ್ದು. ಅಪ್ಪ ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದು ರೆಕಾರ್ಡಿಂಗಿನೊಳಗೆ ನುಸುಳಿದರೆ 50 ಹರ್ಟ್ಸ್‌ನ ಸದ್ದು, ಜೊತೆಗೆ 100, 150ರ ಮರಿಗಳು. ಅಪ್ಪ ಈ ವಯಸ್ಸಿನಲ್ಲೂ ಎರಡು ಮನೆ ಶ್ರುತಿಯಲ್ಲೇ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು 'ಸ' ಮಾಡಿಕೊಂಡು, ಓದುತ್ತಾರೆ. ಲೆಕ್ಕ ಹಾಕಿ ನೋಡಿದೆ. 50 ಹರ್ಟ್ಸ್ ನಿಲ್ಲುವುದು ಆ ಶ್ರುತಿಯ ಮಧ್ಯಮಕ್ಕಿಂತ, ಅಂದರೆ ಸರಿಗಮದ 'ಮ'ಗಿಂತ, ಕೊಂಚ ಮೇಲೆ! ಕಿವಿ ಅಂದರೆ ಅದು.

ನಮ್ಮದು ಮೈಸೂರಿನ ವೊಂಟಿಕೊಪ್ಪಲಿನಲ್ಲಿ ಹಳೇ ಮನೆ. ನಡೆದು ಹೋಗುವಷ್ಟು ದೂರದ ಯಾದವಗಿರಿಯಲ್ಲಿ ಆಕಾಶವಾಣಿ ಇದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದ ಊರಿದು. ಅವರು ಆಗ ಮನೇಲೇ ರೇಡಿಯೋ ಮಾಡಿದ್ದರೆ, ನಾನು ಈಗ ಒಂದು ಮೈಕ್ ಇಟ್ಟು ಅಪ್ಪನ ವಾಚನ ಹಿಡಿದಿಡೋದು ಏನು ಮಹಾ ಅಂದುಕೊಂಡಿದ್ದೆ. ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ತೂತಿನ ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿ. ಇಷ್ಟೇ ನನ್ನ ಸರಂಜಾಮು.

ಗುಂಯ್ ಸದ್ದಿಗೆ ಮೊದಲು ಫ್ರಿಜ್ ಆಫ್ ಮಾಡಿದೆ. ಟ್ಯೂಬ್‌ಲೈಟ್ ಆಫ್ ಮಾಡಿದೆ. ಹೊಸ ಮೈಕ್ ಕೇಬಲ್ ತಂದೆ, ಆ ದುಡ್ಡು ದಂಡ. ಒಂದು ರಾತ್ರಿ ಲ್ಯಾಪ್‌ಟಾಪಿನ ಚಾರ್ಜರ್ ಸುಮ್ನೆ ಕಿತ್ತೆ, ಸದ್ದು ಗಪ್ ಅಂತ ನಿಂತಿತು. ಮತ್ತೆ ಹಾಕಿದೆ, ಬಂತು. ಚಾರ್ಜರ್ ಹಾಕಿಯೇ ಇಂಟರ್‌ಫೇಸಿನ ಲೋಹದ ಮೈ ಮುಟ್ಟಿದೆ, ಸದ್ದು ಅರ್ಧಕ್ಕಿಳಿಯಿತು. ಹೀಗೆ ಮುಟ್ಟಿದಾಗ ಸದ್ದು ಬದಲಾದರೆ ಅನುಮಾನ ಅರ್ಥಿಂಗ್ ಮೇಲೆ ಇಡಬೇಕು. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದರು. "ಮೂರನೇ ತೂತು ಬರೀ ಷೋಕಿಗೆ ಐತಲ್ಲಮ್ಮ" ಅಂದರು. ಅರ್ಥ್ ವೈರ್ ಒಳಗೆ ಸೇರಿಯೇ ಇರಲಿಲ್ಲ. ಅದನ್ನು ಸರಿ ಮಾಡಿಸಿ, ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದ ಮೇಲೆ ಕರೆಂಟಿನವರ ಶ್ರುತಿ ನಿಂತಿತು. ಪರಿಚಯದವರೊಬ್ಬರು ಚಾರ್ಜರಿನ ದಪ್ಪ ಪಿನ್ನನ್ನೇ ಮುರಿದುಬಿಡಿ, ಸದ್ದು ಹೋಗುತ್ತೆ ಅಂದಿದ್ದರು. ಖಂಡಿತ ಮಾಡಬೇಡಿ. ಆ ಪಿನ್ ಇರೋದು ಶಾಕ್ ಹೊಡೀದಿರಲಿ ಅಂತ. ಈಗಲೂ ನಾನು ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಕಿತ್ತೇ ರೆಕಾರ್ಡ್ ಮಾಡುವುದು.

ಇದಕ್ಕೂ ಮುಂಚೆ ಒಂದು ದಡ್ಡತನ ಮಾಡಿದ್ದೆ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಬಿಟ್ಟು, ಆಡಾಸಿಟಿಯ ನಾಯ್ಸ್ ರಿಡಕ್ಷನ್‌ನಲ್ಲಿ ಒರೆಸಲು ಕೂತಿದ್ದೆ. ಅದಕ್ಕೆ ಮೊದಲು ಬೇಡದ ಸದ್ದಿನ ಒಂದು ತುಣುಕು ತೋರಿಸಬೇಕು. ಅಪ್ಪ ಬಾಯಿ ತೆಗೆಯುವ ಮುಂಚಿನ ಎರಡು ಸೆಕೆಂಡನ್ನು ತೋರಿಸಿದೆ. ಅಲ್ಲಿ ಆಗಲೇ ತಂಬೂರಿ ಪೆಟ್ಟಿಗೆ ನುಡಿಯುತ್ತಿತ್ತು! ಪಾಪ, ಅದಕ್ಕೇನು ಗೊತ್ತು? ಒಂದೇ ಸಮ ಬರುವ ತಂಬೂರಿಯನ್ನೂ ಕಸ ಅಂದುಕೊಂಡು ಗುಡಿಸಿಹಾಕಿತು. ಜೊತೆಗೆ ಅಪ್ಪನ ಷಡ್ಜವನ್ನೂ ಕೆರೆಯಿತು. ಉಳಿದ ದನಿ ತಗಡಿನ ಡಬ್ಬದೊಳಗೆ ನೀರು ತುಂಬಿ ಅದರಲ್ಲಿ ಮುಳುಗಿ ಹಾಡಿದ ಹಾಗಿತ್ತು.

ಈಗ ರೆಕಾರ್ಡ್ ಒತ್ತಿದ ಮೇಲೆ ಹತ್ತು ಸೆಕೆಂಡು ಯಾರೂ ಉಸಿರೆತ್ತುವ ಹಾಗಿಲ್ಲ, ಅಮ್ಮನಿಗೂ ಇದೇ ಕಾನೂನು. ಆ ಖಾಲಿ ಜಾಗವನ್ನೇ ತೋರಿಸುತ್ತೇನೆ. ಸದ್ದನ್ನು 6 ಡೆಸಿಬಲ್ ಮಾತ್ರ ಇಳಿಸುತ್ತೇನೆ. ಸ್ವಲ್ಪ ಸದ್ದು ಉಳಿದರೂ ದನಿ ಕೆಡುವುದಿಲ್ಲ.

ತಂಬೂರಿಯನ್ನು ಮೈಕಿಗೆ ಕೇಳಿಸುವುದನ್ನೇ ಬಿಟ್ಟಿದ್ದೇನೆ. ಒಂದೇ ಟ್ರ್ಯಾಕಿನಲ್ಲಿ ದನಿಯೂ ತಂಬೂರಿಯೂ ಇದ್ದರೆ, ಒಂದು ಕೆಮ್ಮು ಕತ್ತರಿಸಿದರೂ ತಂತಿಯ ನಾದ ಅಲ್ಲೇ ಎಗರುತ್ತದೆ. ಈಗ ಅದು ಅಪ್ಪನ ಹೆಡ್‌ಫೋನಿನಲ್ಲಿ ಮಾತ್ರ. ದನಿಯನ್ನು ಕತ್ತರಿಸಿ ಜೋಡಿಸಿಯಾದ ಮೇಲೆ ತಂಬೂರಿಯನ್ನು ಕೆಳಗೆ ಉದ್ದಕ್ಕೂ ಹಾಸುತ್ತೇನೆ. ಗಾಯ ಕಾಣುವುದಿಲ್ಲ. ಇದಕ್ಕೆ ಅಪ್ಪನನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಎರಡೂ ಕಿವಿ ಮುಚ್ಚಿದರೆ ತಮ್ಮ ದನಿ ತಮಗೇ ಕೇಳದೆ ಶ್ರುತಿ ಏರಿಸಿಬಿಡುತ್ತಿದ್ದರು. ಮೇಲಾಗಿ ದನಿ ಕಂಪ್ಯೂಟರ್ ಸುತ್ತಿ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. "ಯಾರೋ ನನ್ನ ಅಣಕಿಸ್ತಾ ಇದಾರೆ ಕಣೇ" ಎಂದು ಎದ್ದೇಬಿಟ್ಟರು. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ (ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕಿವಿಗೆ ಕೊಡುವುದು) ಒತ್ತಿದೆ, ಕಂಪ್ಯೂಟರಿನಿಂದ ವಾಪಸ್ ಬರುತ್ತಿದ್ದ ದನಿಯನ್ನು ನಿಲ್ಲಿಸಿದೆ, ಒಂದು ಕಿವಿ ತೆರೆದಿಡಿ ಅಂದೆ. ಅಲ್ಲಿಗೆ ಜಗಳ ಮುಗಿಯಿತು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ತಡ ಇನ್ನೂ ಜಾಸ್ತಿ.

ಕೋಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹಾಲಿನಲ್ಲಿ ಮೊಸಾಯಿಕ್ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟ್ರಿಣ್ ಅಂತ ತಗಡು ಬಡಿದ ಹಾಗೆ ವಾಪಸ್ ಬರುತ್ತಿತ್ತು. ಮಲಗುವ ಕೋಣೆಗೆ ಬಂದೆವು. ಹಾಸಿಗೆ ಇದೆ, ಅಮ್ಮನ ಸೀರೆ ಬೀರುವಿನ ಬಾಗಿಲು ತೆರೆದಿಡುತ್ತೇವೆ, ಅಪ್ಪನ ಬೆನ್ನ ಹಿಂದೆ ಹಗ್ಗ ಕಟ್ಟಿ ಜಮಖಾನ ಇಳಿಬಿಡುತ್ತೇವೆ. ಮೈಕಿನ ಮುಖ ಇರುವುದು ಅಪ್ಪನ ಕಡೆಗೆ. ಹಾಗಾಗಿ ಅದು ನೋಡುವುದು ಅವರ ಹಿಂದಿನ ಗೋಡೆಯನ್ನೇ ಅಲ್ವಾ? ಮೊಟ್ಟೆ ಟ್ರೇ ಅಂಟಿಸುವ ಸಲಹೆಯೂ ಬಂತು. ಶುದ್ಧ ಸಸ್ಯಾಹಾರಿ ಮನೆ, ಅಮ್ಮ ಬಿಡಲಿಲ್ಲ. ಒಳ್ಳೇದೇ ಆಯಿತು, ಅದರಿಂದ ಹೆಚ್ಚೇನೂ ಆಗುವುದಿಲ್ಲ.

ದನಿಯ ಮಟ್ಟ ನೋಡೋಣ, ಒಂದು ಪದ್ಯ ಓದಿ ಅಂದರೆ ಅಪ್ಪ ಮೆತ್ತಗೆ ಓದುತ್ತಾರೆ. ಅದಕ್ಕೆ ಸರಿಯಾಗಿ ಗೇನ್ (ಮೈಕಿನ ದನಿಯನ್ನು ಏರಿಸುವ ಗುಂಡಿ) ಇಟ್ಟೆ. ಯುದ್ಧದ ಸನ್ನಿವೇಶ ಬಂತು ನೋಡಿ, ಭೀಮ ಎದ್ದ, ದನಿ ಮಿತಿ ಮೀರಿತು ಅನ್ನುವ ಕೆಂಪು ದೀಪವೂ ಎದ್ದಿತು. ತಲೆ ಚಪ್ಪಟೆಯಾದ ಆ ಅಲೆಗಳನ್ನು ಮತ್ತೆ ಮೊದಲಿನಂತೆ ಮಾಡಲು ಆಗಲಿಲ್ಲ. ಇಡೀ ಪ್ರಸಂಗ ಇನ್ನೊಮ್ಮೆ ಓದಿಸಬೇಕಾಯಿತು. ಈಗ ಪರೀಕ್ಷೆಗೆ ಓದಿಸುವುದೇ ಭೀಮನ ಆರ್ಭಟವನ್ನು. ಅದು ಮೀಟರಿನಲ್ಲಿ ಮೈನಸ್ 10 ಡೆಸಿಬಲ್‌ನ ಆಸುಪಾಸಿಗೆ ಬರುವ ಹಾಗೆ ಇಡುತ್ತೇನೆ, ಸೊನ್ನೆ ಅಂದರೆ ಮಿತಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವುದರಿಂದ (ಸಣ್ಣ ಸದ್ದೂ ನವಿರಾಗಿ ದಾಖಲಾಗುತ್ತದೆ) ಪದ್ಯದ ಅರ್ಥ ಹೇಳುವ ಮೆತ್ತಗಿನ ವ್ಯಾಖ್ಯಾನವನ್ನು ಆಮೇಲೆ ಏರಿಸಿಕೊಂಡರೂ ತೊಂದರೆಯಿಲ್ಲ. 'ಭೀಮ', 'ಫಲುಗುಣ' ಅನ್ನುವಾಗ ಮೈಕಿಗೆ ಬಡಿಯುತ್ತಿದ್ದ ಗಾಳಿಗೆ ಮೈಕನ್ನು ಬಾಯಿಯ ನೇರದಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿದ್ದೇ ಮದ್ದು.

ಚಿಕ್ಕಮ್ಮ ಫೋನ್ ಮಾಡಿ "ಭಾವನ ದನಿ ಎಡಗಿವೀಲಿ ಮಾತ್ರ ಬರುತ್ತಲ್ಲೇ" ಅಂದಿದ್ದಕ್ಕೆ ಕಾರಣ ಸಣ್ಣದು. ಒಂದೇ ಮೈಕ್ ಇಟ್ಟು ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿದ್ದೆ. ಮೋನೋ ಮಾಡಿದೆ, ಆಯಿತು.

ತಲೆ ಕೆಡಿಸಿದ್ದು ಇನ್ನೊಂದು. ಒಂದು ದಿನ ಅಪ್ಪನ ದನಿ ಯಾಕೋ ದಪ್ಪ, ನಿಧಾನ. ತಂಬೂರಿ ಸೇರಿಸಿದರೆ ಎಲ್ಲೂ ಕೂರುವುದಿಲ್ಲ. ಎರಡು ಮನೆಯಲ್ಲಿ ಓದಿದ್ದು ಒಂದಕ್ಕೂ ಒಂದೂವರೆಗೂ ನಡುವೆ ತೂಗಾಡುತ್ತಿತ್ತು. ಹತ್ತು ನಿಮಿಷ ಓದಿದ್ದು ಹತ್ತಿರ ಹತ್ತಿರ ಹನ್ನೊಂದು ನಿಮಿಷ ಆಗಿತ್ತು. ಇಂಟರ್‌ಫೇಸ್ ಸೆಕೆಂಡಿಗೆ ದನಿಯ 48,000 ಮಾದರಿ (ಸ್ಯಾಂಪಲ್) ತೆಗೆಯುತ್ತಿದ್ದರೆ, ಆಡಾಸಿಟಿ ಅದನ್ನು 44,100 ಅಂತ ಲೆಕ್ಕ ಹಿಡಿದಿತ್ತು. ಟ್ರ್ಯಾಕಿನ ಪಕ್ಕದ ಪಟ್ಟಿಯಲ್ಲಿ ರೇಟ್ ಅನ್ನು 48,000 ಮಾಡಿದ ತಕ್ಷಣ ಅಪ್ಪ ವಾಪಸ್ ಬಂದರು. ರೀಸ್ಯಾಂಪಲ್ ಅನ್ನುವುದು ಬೇರೆ, ಅದು ಈಗಿರುವ ವೇಗವನ್ನೇ ಉಳಿಸಿಕೊಂಡು ಮಾದರಿಗಳ ಲೆಕ್ಕ ಮಾತ್ರ ಬದಲಿಸುತ್ತದೆ, ಅದನ್ನು ಒತ್ತಿದರೆ ತಪ್ಪು ಹಾಗೇ ಉಳಿಯುತ್ತದೆ. ಈಗ ಎರಡೂ ಕಡೆ 48,000 ಇಟ್ಟು, ಅದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿದ್ದೇನೆ.

ಸದ್ಯ ಕಾಡುತ್ತಿರುವುದು ಪುಟ ತಿರುವುವ ಸದ್ದು. ಪದ್ಯದ ಕೊನೆಯ ಸ್ವರ ಎಳೆಯುತ್ತಿರುವಾಗಲೇ ಅಪ್ಪನ ಕೈ ಪುಟಕ್ಕೆ ಹೋಗಿರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟೆ, ಚರಚರ ಇನ್ನೂ ಜಾಸ್ತಿಯಾಯಿತು. ಮೊನ್ನೆಯಿಂದ ದೊಡ್ಡಕ್ಷರದ ಜೆರಾಕ್ಸ್ ಮಾಡಿಸಿ ಹಾಸಿಗೆ ಮೇಲೆ ಸಾಲಾಗಿ ಹರಡುತ್ತಿದ್ದೇನೆ. ಅಪ್ಪ ಓದುತ್ತಾ ಓದುತ್ತಾ ಎಡದಿಂದ ಬಲಕ್ಕೆ ಕತ್ತು ತಿರುಗಿಸುತ್ತಾರೆ, ದನಿ ಮೈಕಿನಿಂದ ಆಚೆ ಹೋಗುತ್ತದೆ. ನಾಳೆ ಹಾಳೆಗಳನ್ನು ಜಮಖಾನದ ಹಗ್ಗದ ಥರ ಇನ್ನೊಂದು ಹಗ್ಗಕ್ಕೆ, ಮೈಕಿನ ಹಿಂದೆ, ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ ನೋಡಬೇಕು.