ಅಟ್ಟ ಖಾಲಿ ಮಾಡಿದರೆ ಕಟ್ಟೆ ದೊಡ್ಡದಾಗುತ್ತಾ?

"ಅಣ್ಣಾ, ಮೆಮೊರಿ ಫುಲ್ ಆಗಿದೆ ಅನ್ಸುತ್ತೆ, ಲ್ಯಾಪ್‌ಟಾಪ್ ತುಂಬಾ ಸ್ಲೋ" ಅಂದಳು ತಂಗಿ. ಅಷ್ಟರಲ್ಲಿ ಮದುವೆ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿಬಿಟ್ಟಿದ್ದಳು. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಡಿಸ್ಕ್‌ನಲ್ಲಿ ಮೊದಲೇ ಅರ್ಧಕ್ಕರ್ಧ ಜಾಗ ಖಾಲಿ ಇತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದೆ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಒಂದು ಎಕ್ಸೆಲ್ ಫೈಲ್, ಅಷ್ಟಕ್ಕೇ 4 ಜಿಬಿ ರ‍್ಯಾಮ್ ಶೇ. 94 ತುಂಬಿತ್ತು. ಡಿಸ್ಕ್ ಎದುರು 100 ಅಂತಿತ್ತು, ಅಂದರೆ ಡಿಸ್ಕ್ ತುಂಬಿದೆ ಅಂತಲ್ಲ, ಅದಕ್ಕೆ ಒಂದು ಕ್ಷಣವೂ ಬಿಡುವಿಲ್ಲ ಅಂತ.

ಅಡುಗೆಮನೆ ತೋರಿಸಿಯೇ ಅವಳಿಗೆ ಹೇಳಿದೆ. ರ‍್ಯಾಮ್ ಅಂದರೆ ಅಡುಗೆ ಕಟ್ಟೆ, ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ಸಾಮಾನು ಇರುವುದು ಅಟ್ಟದಲ್ಲಿ, ಹೆಚ್ಚುವುದು ಕಲಸುವುದೆಲ್ಲ ಕಟ್ಟೆ ಮೇಲೆ. ಕರೆಂಟ್ ಹೋದರೆ ಕಟ್ಟೆ ಮೇಲಿದ್ದದ್ದು ಹೋಯಿತು, ಅಟ್ಟದಲ್ಲಿದ್ದದ್ದು ಹಾಗೇ ಇರುತ್ತದೆ. ಸೇವ್ ಮಾಡು ಅನ್ನುವುದು ಇದಕ್ಕೇ. ಕಟ್ಟೆ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಅಟ್ಟಕ್ಕೆ ಹಾಕಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತದೆ, ಈ ಹತ್ತಿ ಇಳಿಯುವುದರಲ್ಲೇ ಲ್ಯಾಪ್‌ಟಾಪ್ ಸುಸ್ತಾಗುತ್ತಿತ್ತು.

ರ‍್ಯಾಮ್ ಕೂರಿಸುವ ಎರಡನೇ ಸ್ಲಾಟ್ ಖಾಲಿ ಇತ್ತು. ಇನ್ನೊಂದು 4 ಜಿಬಿ ತಂದೆ. ಕೂರಲೇ ಇಲ್ಲ. ನೋಡಿದರೆ ಅಂಗಡಿಯವರು ಕೊಟ್ಟಿದ್ದು ಡಿಡಿಆರ್4, ನಮ್ಮದು ಡಿಡಿಆರ್3ಎಲ್, ಅಂದರೆ ಅದಕ್ಕಿಂತ ಹಿಂದಿನ ತಲೆಮಾರಿನ ರ‍್ಯಾಮ್. ಎರಡರಲ್ಲೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ದಯವಿಟ್ಟು ಬಲವಂತ ಮಾಡಬೇಡಿ. ಹಳೇ ರ‍್ಯಾಮ್‌ನ ಸ್ಟಿಕ್ಕರ್ ಮೇಲೆ ಪಿಸಿ3ಎಲ್ ಅಂತ ಬರೆದಿತ್ತು, ಅಂದರೆ ಡಿಡಿಆರ್3ಎಲ್ ಅಂತಲೇ, ಅದರ ಫೋಟೋ ತೋರಿಸಿ ಬದಲಾಯಿಸಿಕೊಂಡು ಬಂದೆ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು, ರ‍್ಯಾಮನ್ನು ಓರೆಯಾಗಿ ತೂರಿಸಿ ಮೆಲ್ಲಗೆ ಕೆಳಗೆ ಒತ್ತಿದೆ. ಎರಡೂ ಬದಿಯ ಕ್ಲಿಪ್ ಟಕ್ ಅಂತ ಹಿಡಿದುಕೊಂಡವು.

ಕೈ ಹಾಕಿದ್ದಾಗಿದೆ ಅಂತ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ 500 ಜಿಬಿ ಎಸ್‌ಎಸ್‌ಡಿಯನ್ನೂ ಹಾಕಿದೆ. ಹಾರ್ಡ್ ಡಿಸ್ಕ್‌ನಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಇತ್ತು, ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್. ನಿಜ ಹೇಳಬೇಕೆಂದರೆ ರ‍್ಯಾಮ್‌ಗಿಂತ ಇದರಿಂದಲೇ ಜಾಸ್ತಿ ವ್ಯತ್ಯಾಸ ಗೊತ್ತಾಯಿತು.

ಆನ್ ಮಾಡಿದ ತಕ್ಷಣ ತಂಗಿ ಕೇಳಿದಳು, "500 ಅಂದೆ, ಇಲ್ಲಿ 465 ಅಂತಿದೆಯಲ್ಲ, ಮೋಸ ಹೋದ್ಯಾ?" ಮೋಸ ಇಲ್ಲ. ಬೈಟ್‌ನಿಂದ ಕೆಬಿ, ಎಂಬಿ, ಜಿಬಿ ಅಂತ ಹತ್ತುವಾಗ ಕಂಪನಿಯವರು ಸಾವಿರಕ್ಕೊಂದು ಮೆಟ್ಟಿಲು ಎಣಿಸುತ್ತಾರೆ, ವಿಂಡೋಸ್ 1024ಕ್ಕೊಂದು. ಪೇಪರ್ ಮೇಲೆ 500 ಬರೆದು ಒಂಬತ್ತು ಸೊನ್ನೆ ಹಾಕಿ, 1024ರಿಂದ ಮೂರು ಸಲ ಭಾಗಿಸಿ ತೋರಿಸಿದೆ. 465 ಬಂತು.