ಸುಸ್ತೋ ಮಯೋಸೈಟಿಸ್ಸೋ: ಪತ್ತೆಯನ್ನು ಎಲ್ಲಿಂದ ಆರಂಭಿಸಬೇಕು

ಡೊಂಬಿವ್ಲಿಯಿಂದ ದಾದರಿಗೆ ದಿನವೂ ಲೋಕಲ್ ರೈಲಿನಲ್ಲಿ ಓಡಾಡುವವರು ‘ಮೈಯಲ್ಲಿ ಬಲವೇ ಇಲ್ಲ’ ಎಂದರೆ ಮನೆಯವರು ಅದನ್ನು ಸುಸ್ತು ಎಂದೇ ಭಾವಿಸುತ್ತಾರೆ. ಆದರೆ ಸುಸ್ತು ಬೇರೆ, ಸ್ನಾಯುವಿನ ಬಲ ಕುಂದುವುದು ಬೇರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸ್ನಾಯುಗಳ ಮೇಲೆ ತಿರುಗಿಬೀಳುವ ಮಯೋಸೈಟಿಸ್ ಕಾಯಿಲೆಯ ಪತ್ತೆ ಈ ವ್ಯತ್ಯಾಸದಿಂದ ಆರಂಭವಾಗಬೇಕೇ ಹೊರತು ಪ್ರತಿಕಾಯಗಳ, ಅಂದರೆ ಆ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳ (ಆಂಟಿಬಾಡಿ) ದುಬಾರಿ ರಕ್ತಪರೀಕ್ಷೆಯಿಂದಲ್ಲ.

ಬಲ ಎಲ್ಲಿ ಕುಂದಿದೆ ಎಂಬುದನ್ನು ಮೊದಲು ನೋಡಬೇಕು. ಈ ಕಾಯಿಲೆ ಸಾಮಾನ್ಯವಾಗಿ ಸೊಂಟ, ತೊಡೆ ಮತ್ತು ಹೆಗಲುಗಳನ್ನು ಎರಡೂ ಕಡೆ ಹಿಡಿಯುತ್ತದೆ, ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಹೆಚ್ಚುತ್ತದೆ. ಊಟಕ್ಕೆ ನೆಲದ ಮೇಲೆ ಕುಳಿತವರು ಕೈಯೂರದೆ ಏಳಲಾರರು. ಎತ್ತರದ ಹಗ್ಗಕ್ಕೆ ಬಟ್ಟೆ ಹಾಕುವಾಗ ಎತ್ತಿದ ಕೈ ತಾನಾಗಿ ಇಳಿಯುತ್ತದೆ. ರೈಲು ಹತ್ತುವಾಗ ಕಾಲು ಮೈಯನ್ನು ಎತ್ತದೆ, ಬಾಗಿಲಿನ ಕಂಬ ಹಿಡಿದ ಕೈಗಳೇ ಎಳೆದುಕೊಳ್ಳಬೇಕಾಗುತ್ತದೆ. ಐವತ್ತು ದಾಟಿದವರಲ್ಲಿ ಬೆರಳುಗಳ ಹಿಡಿತವೂ ತೊಡೆಯ ಮುಂಭಾಗವೂ ನಿಧಾನವಾಗಿ ಸೊರಗುತ್ತಿದ್ದರೆ ಅದು ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಎಂಬ ಬೇರೆಯೇ ಬಗೆ ಇರಬಹುದು.

ಚರ್ಮವನ್ನು ಹಗಲ ಬೆಳಕಿನಲ್ಲಿ ನೋಡಬೇಕು. ಮಾಟುಂಗಾದಲ್ಲಿ ದೋಸೆಯ ಕಾವಲಿಯ ಮುಂದೆ ದುಡಿಯುತ್ತಿದ್ದ ನನ್ನ ಪರಿಚಿತರೊಬ್ಬರ ಕಣ್ಣರೆಪ್ಪೆಗಳು ಕಪ್ಪಾದುದನ್ನು ಎಲ್ಲರೂ ಒಲೆಯ ಶಾಖದ ತಲೆಗೆ ಕಟ್ಟಿದ್ದರು. ಚರ್ಮವನ್ನೂ ಹಿಡಿಯುವ ಬಗೆಯಾದ ಡರ್ಮಟೋಮಯೋಸೈಟಿಸ್‌ನಲ್ಲಿ ರೆಪ್ಪೆ ನೇರಳೆಯಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ, ಆದರೆ ನಮ್ಮ ಕಂದು ಮೈಬಣ್ಣದಲ್ಲಿ ಅದು ಬರೀ ಕಪ್ಪಾಗಿ ಕಾಣುವುದೇ ಹೆಚ್ಚು. ಬೆರಳ ಗೆಣ್ಣುಗಳ ಮೇಲಿನ ಉಬ್ಬಿದ ಕಲೆಗಳೂ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ರಕ್ತದಲ್ಲಿ ಮೊದಲು ನೋಡಬೇಕಾದದ್ದು ಸಿಕೆ, ಅಂದರೆ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ. ಸಾಮಾನ್ಯವಾಗಿ ಲೀಟರಿಗೆ 200 ಯೂನಿಟ್‌ಗಳ ಆಸುಪಾಸಿನಲ್ಲಿ ಮುಗಿಯುವ ಈ ಅಂಕಿ ಇಲ್ಲಿ ಸಾವಿರಗಳಿಗೆ ಏರಬಹುದು, ಆದರೆ ಡರ್ಮಟೋಮಯೋಸೈಟಿಸ್‌ನಲ್ಲಿ ಸಹಜವಾಗಿಯೇ ಇರಲೂಬಹುದು. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಹೆಚ್ಚಾದ ಕೂಡಲೇ ಯಕೃತ್ತಿನ ಕಾಯಿಲೆ ಎಂದು ಹೊರಟು ತಿಂಗಳುಗಳನ್ನು ಕಳೆಯುವವರಿದ್ದಾರೆ; ಅವು ಸ್ನಾಯುವಿನಿಂದಲೂ ಸೋರುತ್ತವೆ, ಆಗ ಯಕೃತ್ತಿನ ಇನ್ನೊಂದು ಕಿಣ್ವವಾದ ಜಿಜಿಟಿ ಸಾಮಾನ್ಯವಾಗಿ ಏರಿರುವುದಿಲ್ಲ. ಥೈರಾಯ್ಡ್ ಕೊರತೆ, ಹಠಾತ್ ಕಠಿಣ ವ್ಯಾಯಾಮ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಇವುಗಳನ್ನೂ ವಿಚಾರಿಸಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಬಲ ಕುಂದುತ್ತ ಹೋದರೆ, ಸ್ಟ್ಯಾಟಿನ್ ತಡೆಯುವ ಕಿಣ್ವದ ವಿರುದ್ಧವೇ ಹುಟ್ಟುವ ಎಚ್‌ಎಂಜಿಸಿಆರ್ ಪ್ರತಿಕಾಯವನ್ನು ಪರೀಕ್ಷಿಸಬೇಕು.

ಇಷ್ಟಾದ ಮೇಲೆ ಮಯೋಸೈಟಿಸ್ ಪ್ರತಿಕಾಯಗಳ ಪ್ಯಾನೆಲ್, ಅಂದರೆ ಹಲವು ಪ್ರತಿಕಾಯಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ ಮಾಡಿಸುವುದು ಅರ್ಥಪೂರ್ಣ. ಜೀವಕೋಶದ ಕೇಂದ್ರದ ಮೇಲೆ ತಿರುಗುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ನೆಗೆಟಿವ್ ಬಂದಿದೆ ಎಂದು ಕೈಬಿಡಬಾರದು, ಏಕೆಂದರೆ ಜೋ-1ರಂತಹ ಪ್ರತಿಕಾಯಗಳ ಗುರಿ ಜೀವಕೋಶದ ಕೇಂದ್ರದ ಹೊರಗಿದ್ದು, ಆ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಪ್ಯಾನೆಲ್ ಕಾಯಿಲೆಯ ಹೆಸರಿಗಿಂತಲೂ ಹೆಚ್ಚಾಗಿ ಮುಂದೆ ಏನನ್ನು ಹುಡುಕಬೇಕೆಂಬುದನ್ನು ತಿಳಿಸುತ್ತದೆ: ಜೋ-1 ಇದ್ದರೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಆಗಲೇಬೇಕು, ಎಂಡಿಎ5 ಇದ್ದರೆ ಸ್ನಾಯುವಿನ ಬಲ ಕುಂದದಿರುವಾಗಲೇ ಶ್ವಾಸಕೋಶ ಬೇಗ ಹದಗೆಡಬಹುದು, ನಲವತ್ತು ದಾಟಿದವರಲ್ಲಿ ಟಿಐಎಫ್1 ಗಾಮಾ ಕಂಡರೆ ಅಡಗಿರುವ ಕ್ಯಾನ್ಸರನ್ನು ಹುಡುಕಬೇಕು, ಎಸ್‌ಆರ್‌ಪಿ ಸ್ನಾಯುವಿನ ತೀವ್ರ ನಾಶದ ಸೂಚನೆ. ಆದರೂ ಪ್ಯಾನೆಲ್‌ನ ಪರೀಕ್ಷಾ ಪಟ್ಟಿಯ ಮೇಲಿನ ಮಸುಕು ಗೆರೆಯೊಂದನ್ನು, ಅದಕ್ಕೆ ಹೊಂದುವ ಲಕ್ಷಣ ಒಂದೂ ಇಲ್ಲದಿರುವಾಗ, ನಂಬಿ ಚಿಕಿತ್ಸೆಗಿಳಿಯುವುದು ತಪ್ಪೆಂದೇ ನನ್ನ ಅಭಿಪ್ರಾಯ.

ತೊಡೆಯ ಎಂಆರ್‌ಐ ಎಲ್ಲಿ ಉರಿಯೂತವಿದೆ ಎಂದು ತೋರಿಸುವುದರಿಂದ, ಸ್ನಾಯುವಿನ ಚೂರು ತೆಗೆಯುವ ಬಯಾಪ್ಸಿಗೆ ಸರಿಯಾದ ಜಾಗ ಸಿಗುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿಯ ಸೂಜಿ ಚುಚ್ಚಿದ ಸ್ನಾಯುವಿನಿಂದ ಚೂರು ತೆಗೆಯದೆ ಇನ್ನೊಂದು ಬದಿಯಿಂದ ತೆಗೆಯುವುದು ರೂಢಿ. ಇದಕ್ಕೆಲ್ಲ ಸಂಧಿವಾತ ಅಥವಾ ನರರೋಗ ತಜ್ಞರನ್ನು ಕಾಣಬೇಕು. ಮುಂಬೈಯಲ್ಲಿ ಪರೇಲಿನ ಕೆಇಎಂನಂತಹ ಸಾರ್ವಜನಿಕ ಆಸ್ಪತ್ರೆಗೆ ಹೋಗುವವರು ಹಳೆಯ ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ದರೆ ಒಂದು ಸುತ್ತು ಉಳಿಯುತ್ತದೆ.

ಬಯಾಪ್ಸಿಗೆ ಮೊದಲೇ ಉರಿಯೂತ ಇಳಿಸುವ ಸ್ಟೀರಾಯ್ಡ್ ಆರಂಭಿಸಿದರೆ ಚಿತ್ರ ಮಸುಕಾಗಬಹುದು, ಆದ್ದರಿಂದ ತಾವಾಗಿಯೇ ತೆಗೆದುಕೊಳ್ಳಬಾರದು. ಆದರೆ ಕುಡಿದ ನೀರು ಮೂಗಿಗೆ ಬರುತ್ತಿದ್ದರೆ ಅಥವಾ ಕುಳಿತಲ್ಲೇ ಏದುಸಿರು ಬರುತ್ತಿದ್ದರೆ ಯಾವ ರಿಪೋರ್ಟಿಗೂ ಕಾಯದೆ ಅಂದೇ ಆಸ್ಪತ್ರೆಗೆ ದಾಖಲಾಗಬೇಕು.