ಎಸ್‌ಎಸ್‌ಡಿ ಕೊಳ್ಳುವಾಗ ಡಬ್ಬದ ಮೇಲಿನ ವೇಗಕ್ಕೆ ದುಡ್ಡು ಸುರಿಯಬೇಡಿ
ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಸಾಲಾದ ಎಸ್.ಪಿ. ರೋಡಿಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ, ಅದಕ್ಕಿಂತ ವೇಗದ ಡ್ರೈವ್) ತರಲು ಹೊರಟಿದ್ದೀರಾ? ಮೊದಲು ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಬರೆದುಕೊಳ್ಳಿ. ಎಸ್‌ಎಸ್‌ಡಿಯಲ್ಲಿ ಮುಖ್ಯವಾಗಿ ಎರಡು ಬಗೆ: ಹಳೆಯ ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಸ್ಲಾಟ್ (ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಜಾಗ) ಇದ್ದರೂ ಸಾಟಾ ಡ್ರೈವ್ ಮಾತ್ರ ನಡೆಯುತ್ತದೆ, ಎನ್‌ವಿಎಂಇ ನಡೆಯುವುದಿಲ್ಲ.

ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಒಳ್ಳೆಯ ಜೆನ್ 3 (ಮೂರನೇ ತಲೆಮಾರಿನ ಸಂಪರ್ಕದ) ಎನ್‌ವಿಎಂಇ 3,500, ಅದರ ಮುಂದಿನ ಜೆನ್ 4 ಆದರೆ 7,000ದ ಹತ್ತಿರ. ಆಸೆಯಾಗುತ್ತದೆ, ಅಲ್ವಾ? ಆದರೆ ಅದು ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನ ಲೆಕ್ಕ. ವಿಂಡೋಸ್ ತೆರೆಯುವಾಗ, ಬ್ರೌಸರ್ ಬಳಸುವಾಗ ಸಣ್ಣ ಸಣ್ಣ ಫೈಲ್‌ಗಳೇ ಜಾಸ್ತಿ. ಅಲ್ಲಿ ಜೆನ್ 3, ಜೆನ್ 4 ನಡುವಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವಿಡಿಯೊ ಎಡಿಟಿಂಗ್ ಮಾಡುವವರ ಮಾತು ಬೇರೆ.

ನನ್ನ ತಂಗಿಯ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ತೆಗೆಸಿ ಸಾಟಾ ಎಸ್‌ಎಸ್‌ಡಿ ಹಾಕಿಸಿದೆವು, ಅಷ್ಟೇ. ಮೊದಲೆಲ್ಲ ಆನ್ ಮಾಡಿ, ಕಾಫಿ ಬೆರೆಸಿಕೊಂಡು ಬರುತ್ತಿದ್ದಳು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಿದ್ಧ.

ಉಳಿದ ದುಡ್ಡನ್ನು ಜಾಗಕ್ಕೆ ಹಾಕಿ. 500 ಜಿಬಿ ಬದಲು 1 ಟಿಬಿ ತಗೊಳ್ಳಿ, ತುಂಬಿ ತುಳುಕುವ ಡ್ರೈವ್ ನಿಧಾನವಾಗುತ್ತದೆ. ಒಳಗಿನ ಮೆಮೊರಿ ಚಿಪ್ ಟಿಎಲ್‌ಸಿಯಾ (ಒಂದು ಕೋಶದಲ್ಲಿ ಮೂರು ಬಿಟ್), ಕ್ಯೂಎಲ್‌ಸಿಯಾ (ನಾಲ್ಕು ಬಿಟ್) ಅಂತಲೂ ಕೇಳಿ. ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಫೈಲ್ ಕಾಪಿ ಮಾಡುವಾಗ ಕ್ಯಾಶ್ (ಡ್ರೈವ್‌ನೊಳಗಿನ ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ತೆವಳುತ್ತದೆ. ಜಿಎಸ್‌ಟಿ ಬಿಲ್ ಮರೆಯಬೇಡಿ, ವಾರಂಟಿ ಕೇಳುವಾಗ ಬೇಕಾಗುತ್ತದೆ.